ಕಾಶವ್ವನ ದೋಣಿ ಮುಚ್ಚಳ

ಮದುವೆಯಾಗಿ ಮುಂಬಯಿಗೆ ಬಂದ ಹೊಸತರಲ್ಲಿ ಶಿವಪುತ್ರಪ್ಪ ಹೆಂಡತಿಯನ್ನು ಚೌಪಾಟಿಗೆ ಕರೆದೊಯ್ದು, ಸಮುದ್ರವನ್ನು ತಾನೇ ತರಿಸಿಟ್ಟವನ ಹಾಗೆ ಕೈ ಚಾಚಿ ತೋರಿಸಿದ್ದ. ಕಾಶವ್ವ ನೀರಿಗೆ ಬರವಿದ್ದ ಇಂಡಿ ತಾಲೂಕಿನವಳು. ಬಹಳ ಹೊತ್ತು ನೋಡಿದಳು. ಕೊನೆಗೆ ಸೆರಗಿಗೆ ಹತ್ತಿದ ಮರಳು ಕೊಡವುತ್ತ, "ಇಷ್ಟು ನೀರು ಇಟ್ಕೊಂಡು ಕುಡಿಯಾಕ ಒಂದು ತಂಬಿಗಿ ಬರಂಗಿಲ್ಲಂದ್ರ ಏನ್ ಉಪಯೋಗ್ರಿ?" ಅಂದಳು. ಅಲ್ಲಿಗೆ ಅವಳ ಮಟ್ಟಿಗೆ ಸಮುದ್ರದ ಕಥೆ ಮುಗಿಯಿತು. ಮುಂದೆ ಕೆಲವು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಅವರ ಸಂಸಾರ ಕುರ್ಲಾದ ಒಂದು ಚಾಳಿನಲ್ಲಿ. ನೆಲ ಅಂತಸ್ತಿನ ಕಟ್ಟಕಡೆಯ ಕೋಣೆ, ಅಲ್ಲಿನವರ ಮಾತಲ್ಲಿ ಖೋಲಿ. ಹಿಂದುಗಡೆ ತಗಡಿನ ಮಾಡು ಇಳಿಬಿಟ್ಟ ಪುಟ್ಟ ಹಿತ್ತಿಲು, ಅದರಾಚೆ ನಾಲೆ. ಆ ಹಿತ್ತಿಲಿನಿಂದಾಗಿ ಕಾಶವ್ವನಿಗೆ ಚಾಳಿನಲ್ಲಿ ಒಂದು ಬಗೆಯ ಜಮೀನುದಾರಿಕೆಯ ಗತ್ತು. ಅಲ್ಲಿ ಮೆಂತ್ಯ ಬಿತ್ತುತ್ತಿದ್ದಳು, ಮಣ್ಣು ಕಲಸಿ ಒಲೆ ಹಾಕುತ್ತಿದ್ದಳು, ಹಳೆ ಸೀರೆ ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದಳು. ಅವಳು ಹಾಕಿದ ಒಲೆ ಬಿರಿಯುವುದಿಲ್ಲ, ಅವಳ ಕೌದಿ ಸುಕ್ಕಾಗುವುದಿಲ್ಲ ಎಂದು ಸುತ್ತಮುತ್ತಲಿನ ಬೆಳಗಾವಿ, ಧಾರವಾಡದ ಹೆಂಗಸರೆಲ್ಲ ಒಪ್ಪಿಕೊಂಡಿದ್ದರು.

ಶಿವಪುತ್ರಪ್ಪ ಶಿವಡಿಯಲ್ಲಿ, ಬಣ್ಣ ರಸಾಯನಗಳನ್ನು ತರಿಸಿ ಮಾರುವ ಕಂಪನಿಯೊಂದರ ಗೋದಾಮಿನಲ್ಲಿ ಸ್ಟೋರ್‌ಕೀಪರ್. ಒಳ್ಳೆಯವನು, ಮೃದು ಮಾತಿನವನು. ಒಂದೇ ದೋಷವೆಂದರೆ ಗೋದಾಮಿನವರು ಎಸೆಯಹೊರಟದ್ದನ್ನೆಲ್ಲ ಕೇಳಿ ಮನೆಗೆ ಹೊತ್ತು ತರುತ್ತಿದ್ದ. ಒಮ್ಮೆ ತಂದ ನೀಲಿ ಪುಡಿ ಗಾಳಿಗೆ ಹಾರಿ ಒಂದು ವಾರ ಇವರ ಮನೆಯ ಅನ್ನವೂ ನೀಲಿ, ಶಿವಪುತ್ರಪ್ಪನ ಮೀಸೆಯೂ ನೀಲಿ.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಅವನು ಕೈಗಾಡಿಯಲ್ಲಿ ಕೆಲವು ದೊಡ್ಡ ಡಬ್ಬಿಗಳನ್ನೂ ಬೆಳ್ಳಗೆ ಮಿನುಗುವ ಬಟ್ಟೆಯ ಸುರುಳಿಗಳನ್ನೂ ಹೇರಿಕೊಂಡು ಬಂದ. ಕಾಶವ್ವನ ಕಣ್ಣು ನೇರ ಬಟ್ಟೆಗೆ ಹೋಯಿತು.

"ಕೌದಿಗೆ ಚಲೋ ಅಕ್ಕೈತಲ್ರಿ!"

"ಮುಟ್ಟಬ್ಯಾಡ! ಗಾಜಿಂದು ಅದು."

"ಗಾಜು ಅಂತ ಗಾಜು! ಗಾಜಿನ ಅರಿವಿ ಯಾರಾದ್ರೂ ನೇಯ್ತಾರೇನ್ರಿ?" ಎಂದು ಅವಳು ನಕ್ಕಳು. ಆದರೂ ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದಳು. ಅರ್ಧ ಗಂಟೆಯಲ್ಲಿ ಆ ಕೈ ತುರಿಸತೊಡಗಿದಾಗ ನಗು ನಿಂತಿತು.

ವಿಷಯ ಇಷ್ಟು: ಕಂಪನಿ ವಿಲಾಯತಿಯಿಂದ ಫೈಬರ್‌ಗ್ಲಾಸ್ ಎಂಬ ಹೊಸ ಸರಕಿನ ಮಾದರಿ ತರಿಸಿತ್ತು. ಕೊಳ್ಳುವವರು ಬರಲಿಲ್ಲ. ಜಾಗ ಖಾಲಿ ಮಾಡಬೇಕಾಗಿ ಬಂದಾಗ ಸಾಹೇಬರು, ಬೇಕಿದ್ದರೆ ನೀನೇ ತೆಗೆದುಕೊಂಡು ಹೋಗು ಎಂದುಬಿಟ್ಟರು. ಹಿಂದೆ ಒಬ್ಬ ಏಜೆಂಟ್ ಬಂದು ಅದನ್ನು ಮಾಡಿ ತೋರಿಸಿದ್ದನ್ನು ಶಿವಪುತ್ರಪ್ಪ ಬಾಯಿ ತೆರೆದು ನೋಡಿದ್ದ. ಡಬ್ಬಿಯಲ್ಲಿರುವುದು ಜೇನಿನಂಥ ರಾಳ. ಅದಕ್ಕೆ ಸಣ್ಣ ಶೀಶೆಯ ಹಾರ್ಡ್‌ನರ್ ಒಂದಿಷ್ಟು ಬೆರೆಸಿ, ಅಚ್ಚಿನ ಮೇಲೆ ಹಾಸಿದ ಗಾಜಿನ ಬಟ್ಟೆಗೆ ಕುಂಚದಿಂದ ಬಳಿದರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ತುಕ್ಕಿಲ್ಲ, ಗೆದ್ದಲಿಲ್ಲ, ಸೋರುವುದಿಲ್ಲ.

ಭಾನುವಾರ ಶಿವಪುತ್ರಪ್ಪ ಮನೆಯ ಕಬ್ಬಿಣದ ಬಕೆಟ್ಟನ್ನು ಬೋರಲು ಹಾಕಿ, ಅದನ್ನೇ ಅಚ್ಚು ಮಾಡಿಕೊಂಡು ಇನ್ನೊಂದು ಬಕೆಟ್ ತೆಗೆಯಲು ಹೊರಟ. ರಾಳವೇನೋ ಗಟ್ಟಿಯಾಯಿತು; ಆದರೆ ಬಕೆಟ್ಟನ್ನು ಬಿಡಲಿಲ್ಲ. ಜಗ್ಗಿದ, ಬಡಿದ, ಬಿಸಿನೀರು ಸುರಿದ. ಹಳೆ ಬಕೆಟ್ ಹೊಸ ಅಂಗಿ ತೊಟ್ಟು ಕೂತಂತೆ ಕೂತಿತು.

ಆ ಬಕೆಟ್ ದೂಜನ ಕಣ್ಣಿಗೆ ಬಿತ್ತು. ದೂಜ ಮಲ್ಪೆ ಕಡೆಯ ಮೊಗವೀರ, ಭಾವುಚಾ ಧಕ್ಕಾ ಎಂಬ ಬಂದರುಕಟ್ಟೆಯಿಂದ ಮೀನಿಗೆ ಹೋಗುವ ಒಂದು ಮಚ್ವೆ ದೋಣಿಯ ಯಜಮಾನ. ಶಿವಡಿಯ ಉಡುಪಿ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಶಿವಪುತ್ರಪ್ಪನಿಗೆ ಗೆಳೆಯನಾದವನು. ಮನೆಗೆ ಬಂದರೆ ಕಾಶವ್ವ ಅವನನ್ನು ಹಿತ್ತಿಲಲ್ಲೇ ಕೂರಿಸುತ್ತಿದ್ದಳು. ಲಿಂಗ ಕಟ್ಟಿದ ಮನೆ. ಅವನೋ ಅಂಗಿಯ ಗುಂಡಿಯವರೆಗೂ ಬಂಗುಡೆ ಮೀನಿನ ವಾಸನೆ. ದೂಜನಿಗೆ ಅದರಿಂದ ಬೇಸರವೇನಿಲ್ಲ. ಖೋಲಿಯೊಳಗಿನ ಸೆಕೆಗಿಂತ ಹಿತ್ತಿಲೇ ವಾಸಿ ಎನ್ನುತ್ತಿದ್ದ.

ಅವತ್ತು ಕಾಲು ತೊಳೆಯಲು ಬಕೆಟ್ ಎತ್ತಿದವನು, ಕಾಲು ತೊಳೆಯುವುದನ್ನೇ ಮರೆತ. ಉಗುರಿನಿಂದ ಕೆರೆದ. ಕಲ್ಲಿನಿಂದ ಕುಟ್ಟಿದ. ಬೋರಲು ಹಾಕಿ ಮೇಲೆ ಹತ್ತಿ ನಿಂತ.

"ಇದೆಂತ ಮಾರಾಯ್ರೆ ಇದು?"

ಶಿವಪುತ್ರಪ್ಪ ಹೇಳಿದ. ಕೇಳುತ್ತ ಕೇಳುತ್ತ ದೂಜ ಬಕೆಟ್ಟಿನ ಮೇಲೇ ಕೂತುಬಿಟ್ಟ. ಅವನ ಮಚ್ವೆಗೆ ಹಿಂದಿನ ವರ್ಷ ಡೀಸೆಲ್ ಇಂಜಿನ್ ಕೂರಿಸಿದ್ದರು. ಇಂಜಿನ್ನಿನ ಮೇಲೆ ಹಲಗೆಯ ಪೆಟ್ಟಿಗೆ. ಉಪ್ಪುನೀರಿಗೆ ಹಲಗೆ ಉಬ್ಬಿ ಸಂದು ಬಿಟ್ಟಿತ್ತು. ಅಲೆ ಹೊಡೆದಾಗಲೆಲ್ಲ ನೀರು ಒಳಗಿಳಿದು ಇಂಜಿನ್ ಕೆಮ್ಮಿ ನಿಂತುಬಿಡುತ್ತಿತ್ತು.

"ಇದರಲ್ಲಿ ನನಗೊಂದು ಮುಚ್ಚಳ ಆಗ್ತದಾ? ನಮ್ಮ ಮಚ್ವೆಯ ಹೊಟ್ಟೆಗೆ ಸರಿಯಾಗಿ ಕೂರುವಂಥದ್ದು?"

ಒಳಗಿನಿಂದ ಕಾಶವ್ವನ ದನಿ ಬಂತು: "ಮೀನ ಹಿಡಿಯೋ ದೋಣಿಗೆ ನಮ್ಮ ಮನ್ಯಾಗ ಏನೂ ಮಾಡಂಗಿಲ್ಲ. ಜೀವ ತಗಿಯೋ ಕೆಲಸ ಅದು."

ದೂಜ ಬಾಗಿಲ ಕಡೆ ತಿರುಗಿದ. "ಅಕ್ಕಾ, ಇಂಜಿನ್ ನಿಂತರೆ ಮೀನಿಗೆ ಎಂತದೂ ಆಗುದಿಲ್ಲ. ಅದು ಈಜಿಕೊಂಡು ಹೋಗ್ತದೆ. ಗಾಳಿಯಲ್ಲಿ ಸಿಕ್ಕಿ ಸಾಯುದು ನಾವು. ಹೋದ ಸಲ ಇಡೀ ಹಗಲು ತೇಲಿಕೊಂಡೇ ಇದ್ದೆವು. ಚಂಪಾ ಧಕ್ಕೆಯಲ್ಲಿ ನಿಂತು ಕೂಗಿ ಕೂಗಿ ಅವಳ ಗಂಟಲೇ ಹೋಗಿತ್ತು."

ಚಂಪಾ ಅವನ ಹೆಂಡತಿ. ಒಳಗೆ ಮಜ್ಜಿಗೆ ಕಡೆಯುವ ಸದ್ದು ಬಂತು. ಆಮೇಲೆ ಕಾಶವ್ವ ಮಜ್ಜಿಗೆಯ ತಂಬಿಗೆ ತಂದು ಅವನ ಮುಂದಿಟ್ಟು, "ಇಂಜಿನ್ ಎಷ್ಟ್ ದೊಡ್ಡದೈತಿ?" ಎಂದು ಕೇಳಿದಳು.

ಮಳೆಗಾಲಕ್ಕೆ ದೋಣಿಗಳೆಲ್ಲ ದಡ ಹತ್ತಿದವು. ನಾರಳಿ ಪೂರ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟು ಮತ್ತೆ ಇಳಿಯುವಷ್ಟರಲ್ಲಿ ಮುಚ್ಚಳ ಆಗಬೇಕು. ಶಿವಪುತ್ರಪ್ಪ ಧಕ್ಕೆಗೆ ಹೋಗಿ, ಸುತಳಿಗೆ ಗಂಟು ಹಾಕಿ ಹಾಕಿ ಅಳತೆ ತಂದ: ಉದ್ದ, ಅಗಲ, ದೋಣಿಯ ಹೊಟ್ಟೆಯ ಬಾಗು, ಹೊಗೆ ಕೊಳವೆ ಹೊರಬರುವ ಜಾಗ. ಅಚ್ಚು ಯಾವುದರಿಂದ ಮಾಡುವುದೆಂದು ಅವನು ತಲೆ ಕೆರೆಯುತ್ತಿದ್ದಾಗ ಕಾಶವ್ವ ಆಗಲೇ ಮಣ್ಣು ತುಳಿಯುತ್ತಿದ್ದಳು.

"ಒಲಿ ಹಾಕಿದಂಗ ಹಾಕಿದ್ರಾತು. ಬೋರಲ ಒಲಿ."

ಹಿತ್ತಿಲಲ್ಲಿ ಹಳೆ ಬುಟ್ಟಿ, ಇಟ್ಟಿಗೆ ಚೂರು ಗುಡ್ಡೆ ಹಾಕಿ ಅದರ ಮೇಲೆ ಮಣ್ಣು ಮೆತ್ತಿದಳು. ದೋಣಿಯ ಬಾಗು ಬರುವಲ್ಲಿ ಅಂಗೈಯಿಂದ ಸವರಿ ಸವರಿ, ಎಮ್ಮೆಯ ಬೆನ್ನಿನಂಥ ದಿಣ್ಣೆ ಎಬ್ಬಿಸಿದಳು. ಹೊರಗೆ ಮಳೆ ಜಡಿಯುತ್ತಿತ್ತು, ಮಣ್ಣು ಒಣಗಲೊಲ್ಲದು. ದಿಣ್ಣೆಯ ಸುತ್ತ ಇದ್ದಲಿನ ಸಿಗಡಿಗಳನ್ನಿಟ್ಟು, ಬಾಣಂತಿಗೆ ಕಾಯಿಸಿದಂತೆ ಕಾಯಿಸಿದಳು. ಬಿರುಕು ಬಿಟ್ಟಲ್ಲೆಲ್ಲ ಮತ್ತೆ ಮೆತ್ತಿದಳು. ಬಕೆಟ್ಟಿನ ಹಾಗೆ ಕಚ್ಚಿಕೊಳ್ಳಬಾರದೆಂದು ಮೇಣದಬತ್ತಿ ಕರಗಿಸಿ ಇಡೀ ದಿಣ್ಣೆಗೆ ಬಳಿದು ಬಟ್ಟೆಯಿಂದ ತಿಕ್ಕಿದಳು. ಆ ಉಪಾಯವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೋಳಿಗೆ ತಟ್ಟುವಾಗ ಎಲೆಗೆ ಎಣ್ಣೆ ಹಚ್ಚುವುದಿಲ್ಲವೇ, ಹಾಗೆ.

ಸಿಗಡಿಗಳನ್ನೆಲ್ಲ ಹೊರಗಿಟ್ಟು, ರಾಳ ಬೆರೆಸಲು ಕೂತ ದಿನ ಮೋಡ ಕವಿದು ತಂಪಾಗಿತ್ತು. ತಂಪಿಗೆ ಬೇಗ ಗಟ್ಟಿಯಾಗಲಿಕ್ಕಿಲ್ಲವೆಂದು ಶಿವಪುತ್ರಪ್ಪ ಶೀಶೆಯನ್ನು ಧಾರಾಳವಾಗಿ ಬಗ್ಗಿಸಿದ. ಒಂದು ಕುಂಚ ಬಳಿಯುವಷ್ಟರಲ್ಲಿ ರಾಳ ಬೆರೆಸಿದ ಸಣ್ಣ ಡಬ್ಬಿ ಬಿಸಿಯಾಯಿತು, ಕುದಿಯಿತು, ದಟ್ಟ ಹೊಗೆ ಉಗುಳತೊಡಗಿತು. ಅವನು ಕೆಮ್ಮುತ್ತ ಡಬ್ಬಿಯನ್ನು ಇಕ್ಕಳದಿಂದ ಹಿಡಿದು ಮಳೆಗೆ ಎಸೆದ.

"ಆಗ್! ಆಗ್ ಲಗಿ!" ಎಂದು ಮೇಲಿನ ಮಾಳಿಗೆಯಿಂದ ಯಾರೋ ಕೂಗಿದರು. ನಿಮಿಷದಲ್ಲಿ ಚಾಳಿನವರೆಲ್ಲ ಕೊಡಪಾನ ಹಿಡಿದು ಹಿತ್ತಿಲಿಗೆ ನುಗ್ಗಿದರು. ಬೆಂಕಿ ಎಲ್ಲೂ ಇಲ್ಲದ್ದರಿಂದ ತಂದ ನೀರನ್ನು ಏನು ಮಾಡುವುದೆಂದು ತಿಳಿಯದೆ ಕೆಲವರು ಶಿವಪುತ್ರಪ್ಪನ ಮೇಲೇ ಸುರಿದರು.

ಮುಂದಿನ ಸಲ ಹಾರ್ಡ್‌ನರ್ ಶೀಶೆ ಕಾಶವ್ವನ ಕೈಗೆ ಬಂತು. ಬಟ್ಟಲಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸಿ, ಅಂಟು ಹಿಡಿಯಲು ಎಷ್ಟು ಹೊತ್ತು ಬೇಕೆಂದು ನೋಡಿಕೊಂಡು, ಹದ ಕಂಡುಕೊಂಡಳು. ಗಾಜಿನ ಬಟ್ಟೆಯನ್ನು ಬಾಗಿಗೆ ತಕ್ಕಂತೆ ಓರೆಯಾಗಿ ಕತ್ತರಿಸಿ, ಪದರದ ಮೇಲೆ ಪದರ ಹಾಸಿ, ಗುಳ್ಳೆ ಏಳದಂತೆ ಕುಂಚದಿಂದ ಕುಟ್ಟಿ ಕುಟ್ಟಿ ಕೂರಿಸಿದಳು. ಆ ಕೆಲಸದಲ್ಲಿ ಒಂದು ಸುಖವಿತ್ತು. ಬೆಳ್ಳಗಿನ ಬಟ್ಟೆ ರಾಳ ಕುಡಿಯುತ್ತಿದ್ದಂತೆ ಕಣ್ಣೆದುರೇ ಮಾಯವಾಗಿ, ಗಾಜಿನಂತೆ ತಿಳಿಯಾಗುತ್ತಿತ್ತು. ಕಾಶವ್ವ ಊಟ ಮರೆತು ಅದನ್ನೇ ನೋಡುತ್ತ ಕೂರುತ್ತಿದ್ದಳು.

ಅಷ್ಟರಲ್ಲಿ ಚಾಳಿಗೆ ಚಾಳೇ ಮೈ ಪರಚಿಕೊಳ್ಳತೊಡಗಿತು. ಯಾರೋ ಕಜ್ಜಿ ಎಂದರು, ಯಾರೋ ನೀರಿನ ದೋಷ ಎಂದರು. ಪಕ್ಕದ ಖೋಲಿಯ ಅಂಬವ್ವ ಬೈಲಹೊಂಗಲದವಳು, ಎತ್ತರದ ಆಳು, ಎತ್ತರದ ದನಿ. ಅವಳು ಹೆಂಗಸರನ್ನು ಹಿಂದಿಟ್ಟುಕೊಂಡು ಹಿತ್ತಿಲ ಬಾಗಿಲಿಗೆ ಬಂದು ನಿಂತಳು.

"ಕಾಶವ್ವ, ಹೊಗಿ ಹಾಕಿದಿ, ತಾಳಿಕೊಂಡ್ವಿ. ಗಬ್ಬ ನಾತ ಎಬ್ಬಿಸಿದಿ, ಮೂಗು ಮುಚ್ಚಿಕೊಂಡ್ವಿ. ಈಗ ನಮ್ಮ ಮನಿ ಗಂಡಸರು ಆಫೀಸಿನ್ಯಾಗ ಕುಂತು ಬೆನ್ನು ಕೆರಕೊಳ್ಳಾಕ ಹತ್ಯಾರ. ಏನೈತಿ ನಿನ್ನ ಮನ್ಯಾಗ?"

ಕಾಶವ್ವನಿಗೆ ಥಟ್ಟನೆ ಹೊಳೆಯಿತು. ಗಾಜಿನ ದೂಳು ಹತ್ತಿದ ಸೀರೆಯನ್ನು ಅವಳು ಎಲ್ಲರೂ ಬಟ್ಟೆ ಒಗೆಯುವ ನಲ್ಲಿಯ ಕಲ್ಲಿನ ಮೇಲೇ ಕುಕ್ಕಿ ಒಗೆದಿದ್ದಳು. ಮುಖ ಸಣ್ಣದಾಯಿತು.

"ತಪ್ಪಾತವ್ವ. ನನ್ನ ಸೀರಿ ದೂಳು ಅದು. ಇನ್ನ ಮ್ಯಾಲೆ ಬ್ಯಾರೆ ಒಗೀತೀನಿ. ಬೇಕಂದ್ರ ಕೆಲಸಾನೂ ಬಿಡ್ತೀನಿ."

ಬಿಡುತ್ತೇನೆ ಎಂದವಳು ತಿರುಗಿ ದಿಣ್ಣೆಯ ಕಡೆ ನೋಡಿದಳು. ಅಂಬವ್ವ ಅವಳ ಮುಖ ನೋಡಿದಳು. ಅರ್ಧ ಆಗಿದ್ದ ಮುಚ್ಚಳವನ್ನು ನೋಡಿದಳು. ಅದು ಏನೆಂದು ಕೇಳಿದಳು. ಕಾಶವ್ವ ದೂಜನ ಮಚ್ವೆ ನಿಂತ ಕಥೆ ಹೇಳಿದಳು. ಚಂಪಾಳ ಗಂಟಲು ಹೋದದ್ದನ್ನೂ ಹೇಳಿದಳು. ಅಂಬವ್ವ ನಿಟ್ಟುಸಿರು ಬಿಟ್ಟು, "ಹಂಗಾರ ನಾತದ ದಿನ ಮುಂಚೇನ ಹೇಳು. ಅವತ್ತ ಅರಿವಿ ಒಣ ಹಾಕಂಗಿಲ್ಲ, ನಾವೂ ಮನ್ಯಾಗ ಇರಂಗಿಲ್ಲ" ಎಂದು ತೀರ್ಪು ಕೊಟ್ಟಳು.

ಅಂದಿನಿಂದ ರಾಳ ಬೆರೆಸುವ ದಿನ ಕಾಶವ್ವ ಬೆಳಗ್ಗೆಯೇ ಹಿತ್ತಿಲ ಕಂಬಕ್ಕೆ ಕೆಂಪು ಕುಪ್ಪಸ ಕಟ್ಟುತ್ತಿದ್ದಳು. ಅದು ಕಂಡರೆ ಚಾಳಿನ ಹೆಂಗಸರು ಬೇಗ ಬೇಗ ಅಡಿಗೆ ಮುಗಿಸಿ, ಛತ್ರಿ ಹಿಡಿದು ಬಜಾರಕ್ಕೋ ದಾದರಿಗೋ ಮ್ಯಾಟಿನಿಗೋ ಹೊರಡುವರು. ಯಾಕೆ ಹೊರಟಿರಿ ಎಂದು ಕೇಳಿದ ಗಂಡಸರಿಗೆ, "ನಾತ ರೀ, ತಾಳಾಕ ಆಗವಲ್ದು" ಎಂದು ಸೆರಗು ಮೂಗಿಗೆ ಒತ್ತಿಕೊಳ್ಳುವರು. ಎರಡು ವಾರ ಕುಪ್ಪಸ ಕಾಣದೆ ಹೋದಾಗ ಅಂಬವ್ವನೇ ಬಂದು, "ಏನ, ಕೆಲಸ ನಿಂತತೇನು?" ಎಂದು ವಿಚಾರಿಸಿದಳು.

ಮುಚ್ಚಳ ಅಚ್ಚಿನಿಂದ ಬಿಟ್ಟದ್ದು ನಾಗರಪಂಚಮಿಯ ಮರುದಿನ. ಅಂಚಿಗೆ ಸೌಟಿನ ಹಿಡಿ ತೂರಿಸಿ ಮೀಟಿದರು. ಟಪ್ ಎಂದು ಸದ್ದಾಗಿ ಇಡೀ ಮುಚ್ಚಳ ಮೇಲೆದ್ದಿತು. ಒಳಗೆ ಕಾಶವ್ವನ ಬೆರಳಚ್ಚುಗಳು ಹಾಗೇ ಮೂಡಿದ್ದವು. ಅಷ್ಟು ದೊಡ್ಡ ವಸ್ತುವನ್ನು ಕಾಶವ್ವ ಒಬ್ಬಳೇ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಗಂಡ ಕೈಗಾಡಿ ತರುತ್ತೇನೆಂದರೆ, "ಯಾಕ ಬೇಕು? ಜ್ವಾಳದ ಚೀಲ ಹೊತ್ತಾಕಿ ನಾನು" ಎಂದಳು.

ಕುರ್ಲಾ ಸ್ಟೇಶನ್ನಿನಲ್ಲಿ ಜನ ದಾರಿ ಬಿಟ್ಟರು. ಕೆಲವರು ಒಳಗೆ ದೇವರಿರಬಹುದೆಂದು ಕೈ ಮುಗಿದರು. ಹಾರ್ಬರ್ ಲೈನಿನ ಲೋಕಲ್ಲಿನಲ್ಲಿ ಸಾಮಾನಿನ ಡಬ್ಬಿ ಹತ್ತಿ, ಬುಟ್ಟಿಗಳ ನಡುವೆ ಮುಚ್ಚಳ ಇಟ್ಟು ಕೂತರು. ಟಿಕೆಟ್ ಚೆಕರ್ ಬಂದ.

"ಯೇ ಕ್ಯಾ ಹೈ, ಬಾಯಿ?"

"ಟೋಪಿ ಹೈ," ಎಂದಳು ಕಾಶವ್ವ.

"ಕಿಸ್ಕಾ ಟೋಪಿ?"

"ಇಂಜಿನ್ ಕಾ."

ಅವನು ಅದನ್ನು ಎತ್ತಲು ಭಾರಕ್ಕೆ ಸಜ್ಜಾಗಿ ಸೊಂಟ ಬಗ್ಗಿಸಿದ. ಮುಚ್ಚಳ ಹಗುರಾಗಿ ಮೇಲೆ ಬಂದ ರಭಸಕ್ಕೆ ಹಿಂದಕ್ಕೆ ವಾಲಿ ತೊಂಡೆಕಾಯಿ ಬುಟ್ಟಿಯಲ್ಲಿ ಕೂತ. ಎದ್ದು, ಅಂಗಿ ಕೊಡವಿಕೊಂಡು, ಮುಂದಿನ ಸ್ಟೇಶನ್ನಿನಲ್ಲಿ ಇಳಿದುಹೋದ.

ಧಕ್ಕೆಯಲ್ಲಿ ದೂಜ, ಅವನ ಆಳುಗಳು, ಅಕ್ಕಪಕ್ಕದ ದೋಣಿಯವರು ಎಲ್ಲ ಕಾದಿದ್ದರು. ಮುಚ್ಚಳವನ್ನು ಇಂಜಿನ್ನಿನ ಮೇಲೆ ಇಳಿಸಿದರು. ಬಾಗಿಗೆ ಬಾಗು ಕೂತಿತು. ಆದರೆ ಹೊಗೆ ಕೊಳವೆಗೆ ಬಿಟ್ಟಿದ್ದ ತೂತು ಎಡಕ್ಕೆ, ಕೊಳವೆ ಬಲಕ್ಕೆ. ಶಿವಪುತ್ರಪ್ಪ ಅಳತೆ ತೆಗೆಯುವಾಗ ದೋಣಿಯ ಹಿಂಬದಿಗೆ ಮುಖ ಮಾಡಿ ನಿಂತಿದ್ದ; ಎಡಬಲ ಅದಲುಬದಲಾಗಿತ್ತು.

ಸುತ್ತ ನಿಂತವರಲ್ಲಿ ಒಬ್ಬ ಕಿಸಕ್ಕೆಂದ. ಕಾಶವ್ವನಿಗೆ ಮೈಯೆಲ್ಲ ಬಿಸಿಯಾಯಿತು. ಇಡೀ ಮಳೆಗಾಲ ಕೆಮ್ಮಿ, ತುರಿಸಿಕೊಂಡು, ಜನರ ಕೈಲಿ ಅನ್ನಿಸಿಕೊಂಡು ಮಾಡಿದ್ದು! ಗಂಡನನ್ನು ಒಮ್ಮೆ ನೋಡಿದಳು. ಅವನು ನಿಂತಲ್ಲೇ ಇಷ್ಟಿಷ್ಟೇ ಕುಗ್ಗುತ್ತಿದ್ದ. ಬೈಯಲು ಮನಸ್ಸಾಗಲಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಹಲಗೆಯ ಮೇಲೆ ನಡೆದು ಅಲುಗಾಡುವ ಮಚ್ವೆಗೆ ತಾನೇ ಇಳಿದಳು. ದೋಣಿಯ ಇಂಜಿನ್ ಎಂಬುದನ್ನು ಅವಳು ಮೊದಲು ಕಂಡದ್ದು ಆಗಲೇ. ಸುತ್ತ ಕೂತು, ಬಗ್ಗಿ, ಕೈ ಹಾಕಿ ನೋಡಿದಳು.

"ಗರಗಸ ಕೊಡು, ದೂಜಣ್ಣ. ಬಲಕ್ಕೊಂದು ತೂತು ಕೊರಿಯೋಣ. ಎಡದ್ದನ್ನ ಅಲ್ಲೇ ಮುಚ್ಚತೀನಿ."

ಕೊಳವೆ ಕೂತಿತು. ಎಡದ ತೂತು ಮುಚ್ಚಲು ಅವಳು ಕೊರೆದು ತೆಗೆದ ತುಂಡು ಹಿಡಿದು ನೋಡುತ್ತಿದ್ದಾಗ ದೂಜ ಅದರೊಳಗೆ ತನ್ನ ಕೈ ತೂರಿಸಿದ. ಮೊಣಕೈವರೆಗೂ ಹೋಯಿತು. ಎಣ್ಣೆ ಹಾಕುವ ಬಾಯಿ ಸರಿಯಾಗಿ ಬೆರಳಿಗೆ ಸಿಕ್ಕಿತು.

"ನಿಲ್ಲಿ ನಿಲ್ಲಿ ಅಕ್ಕ! ಮುಚ್ಚಬೇಡಿ! ಇಡೀ ಮುಚ್ಚಳ ತೆಗೆಯುದು ಬೇಡ, ಇದರಲ್ಲೇ ಎಣ್ಣೆ ನೋಡ್ಲಿಕ್ಕೆ ಆಗ್ತದೆ. ಇದಕ್ಕೊಂದು ಸಣ್ಣ ಬಾಗಿಲು ಮಾಡಿಕೊಡಿ."

ಕಿಸಕ್ಕೆಂದವನೇ ಮೊದಲು ಬಂದು ಕೈ ತೂರಿಸಿ ನೋಡಿದ.

ಸಣ್ಣ ಬಾಗಿಲನ್ನು ಕಾಶವ್ವ ಮನೆಯಲ್ಲಿ ಮಾಡಿ ತಂದಳು. ಹುಣ್ಣಿಮೆಯ ಪೂಜೆ ಮುಗಿದ ಮೇಲೆ ಮಚ್ವೆಯ ಪರೀಕ್ಷೆ. ಮಾಡಿದವರೂ ಬರಬೇಕೆಂದು ದೂಜ ಹಟ ಹಿಡಿದ. ಶಿವಪುತ್ರಪ್ಪ ತನಗೆ ಗೋದಾಮಿನಲ್ಲಿ ತುರ್ತು ಕೆಲಸವಿದೆಯೆಂದ. ಅಂದು ಗೋದಾಮಿಗೆ ರಜೆಯಿತ್ತು. ಕಾಶವ್ವ ಅವನ ಕೈ ಹಿಡಿದು ಎಳೆದುಕೊಂಡೇ ದೋಣಿ ಹತ್ತಿದಳು.

ಬಂದರಿನ ಗೋಡೆ ದಾಟಿದ್ದೇ ನೀರಿನ ಬಣ್ಣ ಬದಲಾಯಿತು. ಮಚ್ವೆ ಮೂತಿ ಎತ್ತಿ ಎತ್ತಿ ಬಡಿಯಿತು. ಶಿವಪುತ್ರಪ್ಪ ಅಂಚಿಗೆ ಬಾಗಿ ಬೆಳಗಿನ ಉಪ್ಪಿಟ್ಟನ್ನು ಸಮುದ್ರಕ್ಕೆ ಒಪ್ಪಿಸಿದ. ಕಾಶವ್ವ ಎರಡೂ ಕೈಯಲ್ಲಿ ಹಗ್ಗ ಹಿಡಿದು ಕಣ್ಣು ಮುಚ್ಚಿ ಶಿವಶಿವಾ ಎನ್ನುತ್ತಿದ್ದಳು. ಒಂದು ದೊಡ್ಡ ಅಲೆ ಎದ್ದು ನೇರ ಮುಚ್ಚಳದ ಮೇಲೆ ಅಪ್ಪಳಿಸಿತು. ಅವಳು ಕಣ್ಣು ಬಿಟ್ಟಳು. ಉಪ್ಪುನೀರು ಆ ಎಮ್ಮೆ ಬೆನ್ನಿನ ಮೇಲಿಂದ ಎರಡೂ ಕಡೆ ಜಾರಿ ಹೋಯಿತು. ಒಳಗೆ ಇಂಜಿನ್ ಡಗಡಗ ಎನ್ನುತ್ತಲೇ ಇತ್ತು. ಇನ್ನೊಂದು ಅಲೆ. ಡಗಡಗ. ದೂಜ ಚುಕ್ಕಾಣಿಯ ಹತ್ತಿರದಿಂದ ತುಳುವಿನಲ್ಲಿ ಏನೋ ಕೂಗಿ ನಕ್ಕ. ಕಾಶವ್ವನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು. ಮುಖದ ಮೇಲೆ ನೀರು, ಕೂದಲು ಬಿಚ್ಚಿಹೋಗಿತ್ತು, ಹಗ್ಗ ಯಾವಾಗ ಬಿಟ್ಟಿದ್ದಳೋ ಗೊತ್ತೇ ಆಗಲಿಲ್ಲ. ತಿರುಗಿ ನೋಡಿದರೆ ಮುಂಬಯಿ ಅಷ್ಟೂ ಗಿರಣಿಯ ಚಿಮಣಿಗಳ ಸಾಲಾಗಿ, ಒಂದು ಬೆರಳಿನಲ್ಲಿ ಮುಚ್ಚಬಹುದಾದಷ್ಟು ಸಣ್ಣಗೆ ಕಾಣುತ್ತಿತ್ತು.

ಆ ವರ್ಷ ಧಕ್ಕೆಯವರಿಗೆಲ್ಲ "ಕಿಟಕಿ ಇರುವ ಮುಚ್ಚಳ"ವೇ ಬೇಕಾಯಿತು. ಒಂದು ದೋಣಿಯಂತೆ ಇನ್ನೊಂದಿಲ್ಲವಾದ್ದರಿಂದ ಪ್ರತಿಯೊಂದಕ್ಕೂ ಬೇರೆ ಅಚ್ಚು. ಅಳತೆಗೆ ಕಾಶವ್ವನೇ ಹೋಗುತ್ತಿದ್ದಳು, ಮೂತಿಯ ಕಡೆ ಮುಖ ಮಾಡಿ ನಿಂತು. ಮುಚ್ಚಳದ ಹಿಂದೆ ಮಂಜುಗಡ್ಡೆ ಪೆಟ್ಟಿಗೆಯ ಬಾಗಿಲು ಬಂತು, ಚುಕ್ಕಾಣಿಗೆ ಹೊದಿಕೆ ಬಂತು. ತಂದ ಡಬ್ಬಿಗಳು ಮುಗಿದಾಗ ಶಿವಪುತ್ರಪ್ಪ ಸಾಹೇಬರ ಮುಂದೆ ಹೋಗಿ ನಿಂತ. ಯಾರೂ ಕೇಳದ ಸರಕನ್ನು ಮನೆಯ ಹೆಂಗಸೊಬ್ಬಳು ಕೇಳುತ್ತಿದ್ದಾಳೆಂದು ಸಾಹೇಬರಿಗೆ ಮೊದಲು ನಗು ಬಂತು. ಕುರ್ಲಾದವರೆಗೆ ಬಂದು ಹಿತ್ತಿಲು ನೋಡಿ, ಚಹಾ ಕುಡಿದು, ಹೊಸದಾಗಿ ತರಿಸುವ ಏರ್ಪಾಡು ಮಾಡಿದರು. ಹೋಗುವಾಗ ಅವರೂ ಕುತ್ತಿಗೆ ತುರಿಸಿಕೊಳ್ಳುತ್ತಿದ್ದರು.

ಮರುವರ್ಷದ ನಾರಳಿ ಪೂರ್ಣಿಮೆಗೆ ದೂಜ ಇಬ್ಬರನ್ನೂ ಊಟಕ್ಕೆ ಕರೆದ. ಕಾಶವ್ವ ಹೋಗಲೋ ಬೇಡವೋ ಎಂದು ಬಹಳ ಯೋಚಿಸಿ, ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡೇ ಹೋದಳು. ಧಕ್ಕೆಯ ಹತ್ತಿರದ ಅವರ ಖೋಲಿಯಲ್ಲಿ ಚಂಪಾ ಅವಳ ಕೈ ಹಿಡಿದು ಒಳಗೆ ಕರೆದೊಯ್ದು, ಮೂಲೆಯಲ್ಲಿದ್ದ ಹೊಸ ಒಲೆ, ಹೊಸ ಪಾತ್ರೆಗಳನ್ನು ತೋರಿಸಿದಳು. ಎರಡು ದಿನದಿಂದ ಮನೆಯಲ್ಲಿ ಮೀನು ಮಾಡಿರಲಿಲ್ಲ. ಕಡುಬು, ಕಾಯಿಹಾಲು, ಕುಂಬಳಕಾಯಿ ಪಲ್ಯ. ಚಂಪಾಳಿಗೆ ಕನ್ನಡ ತಡವರಿಸುತ್ತದೆ, ಕಾಶವ್ವನಿಗೆ ತುಳು ಬಾರದು; ಇಬ್ಬರೂ ಮುರುಕು ಹಿಂದಿಯಲ್ಲಿ ಮಾತಿಗೆ ಕೂತರು.

"ಪಹಲೆ ಮೈ ರೋಜ್ ಉಧರ್ ಖಡಾ ರಹತಾ ಥಾ," ಎಂದು ಚಂಪಾ ತಾನು ಮೊದಲು ದಿನಾ ಕಾಯುತ್ತ ನಿಲ್ಲುತ್ತಿದ್ದ ಧಕ್ಕೆಯನ್ನು ಕಿಟಕಿಯಾಚೆ ತೋರಿಸಿದಳು. "ಅಬ್ ನಹೀ. ಇಂಜಿನ್ ಕಾ ಆವಾಜ್ ಆತಾ ಹೈ, ತೋ ಚಾವಲ್ ಚಢಾತಾ ಹೈ."

ಈಗ ಇಂಜಿನ್ನಿನ ಸದ್ದು ಕೇಳಿದರೆ ಸಾಕು, ಅನ್ನಕ್ಕೆ ಇಡುತ್ತಾಳಂತೆ. ಕಾಶವ್ವ ಇನ್ನೊಂದು ಕಡುಬು ಹಾಕಿಸಿಕೊಂಡಳು. ತಂದ ಬುತ್ತಿ ಬಿಚ್ಚಿ ರೊಟ್ಟಿಯನ್ನು ಚಂಪಾಳ ತಟ್ಟೆಗಿಟ್ಟಳು. ಹಿಂಡಿಯ ಖಾರಕ್ಕೆ ಚಂಪಾಳ ಕಣ್ಣಲ್ಲಿ ನೀರು ಬಂತು, ಆದರೂ ಬಿಡದೆ ತಿಂದಳು.

ಸಂಜೆ ಡಾಕ್‌ಯಾರ್ಡ್ ರೋಡಿನಲ್ಲಿ ಲೋಕಲ್ ಹತ್ತಿದಾಗ ಇಬ್ಬರಿಗೂ ಸೀಟು ಸಿಕ್ಕಿತು. ಹೊಟ್ಟೆ ತುಂಬಿತ್ತು, ಕಿಟಕಿಯಿಂದ ತಂಪು ಗಾಳಿ. ವಡಾಲಾ ಬರುವಷ್ಟರಲ್ಲಿ ಕಾಶವ್ವ ಗಂಡನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಅವಳನ್ನು ಎಬ್ಬಿಸಬೇಕಾಗಿದ್ದ ಶಿವಪುತ್ರಪ್ಪನೂ ನಿದ್ದೆ ಹೋದ. ಕಣ್ಣು ಬಿಟ್ಟಾಗ ಗಾಡಿ ನಿಂತಿತ್ತು, ಡಬ್ಬಿಯಲ್ಲಿ ಯಾರೂ ಇರಲಿಲ್ಲ, ಹೊರಗೆ ಉಪ್ಪಿನ ಗದ್ದೆಗಳ ಮೇಲೆ ಬೆಳಕು ಇಳಿಯುತ್ತಿತ್ತು. ಗಾಡಿ ಮಾನಖುರ್ದ್ ಮುಟ್ಟಿತ್ತು. ಅಲ್ಲಿಂದ ಮುಂದೆ ಹಳಿಯೇ ಇಲ್ಲ.

"ಕುರ್ಲಾ ಹೋತಲ್ರಿ!" ಎಂದಳು ಕಾಶವ್ವ.

"ಇದೇ ಗಾಡಿ ತಿರುಗಿ ಹೊಕ್ಕೈತಿ. ಕುಂಡ್ರು," ಎಂದ ಶಿವಪುತ್ರಪ್ಪ.

ಅವಳು ಕಾಲು ಚಾಚಿ ಎದುರಿನ ಸೀಟಿನ ಮೇಲಿಟ್ಟು, ಗಾಡಿ ಹೊರಡುವುದನ್ನು ಕಾಯುತ್ತ ಕೂತಳು.